ಹೊಗೆ ಪೈಪಿಗೆ ಟೋಪಿ ಹಾಕುವ ಮುನ್ನ

ಮಲೆನಾಡಿನಲ್ಲಿ ಮಳೆ ಹಿಡಿಯಿತೆಂದರೆ ಬಚ್ಚಲೊಲೆಯ ಗೋಳು ಶುರು. ಹೊಗೆ ಪೈಪಿನೊಳಗೆ ಇಳಿದ ನೀರು ಮಸಿ ಕಲಸಿಕೊಂಡು, ಕಷಾಯದ ಬಣ್ಣದಲ್ಲಿ ಒಲೆಗೆ ತೊಟ್ಟಿಕ್ಕುತ್ತದೆ. ಬೂದಿ ಕೆಸರು, ಹಂಡೆಯ ನೀರು ತಣ್ಣಗೆ. ಪೈಪಿನ ತುದಿಗೊಂದು ಟೋಪಿ ಹಾಕಿದರೆ ಆಯ್ತಲ್ವಾ? ನಮ್ಮ ಮಾವನ ಮನೆಯಲ್ಲೂ ಹಾಗೇ ಅಂದುಕೊಂಡು ಎಣ್ಣೆ ಡಬ್ಬದ ತಳ ಕತ್ತರಿಸಿ ಮೇಲೆ ಕವುಚಿದ್ದರು. ಮಾರನೇ ದಿನ ಸ್ನಾನಕ್ಕೆ ಹೋದ ನಾನು ಕಣ್ಣುಜ್ಜಿಕೊಳ್ಳುತ್ತಾ ಓಡಿ ಬಂದೆ. “ಭಾವಾ, ಟೋಪಿ ಹಾಕಿದ್ದು ಪೈಪಿಗಾ, ನಮಗಾ?” ಅಂತ ನಕ್ಕ ಭಾವಮೈದುನ.

ಆಮೇಲೆ ಇನ್ನೂ ನಾಲ್ಕಾರು ಮನೆಗಳಲ್ಲಿ ಇದೇ ತಪ್ಪು ನೋಡಿದ್ದೇನೆ.

ಮೊದಲು ಅಳತೆ. ಪೈಪಿನ ಹೊರಮೈಗೆ ದಾರ ಸುತ್ತಿ, ಆ ಉದ್ದವನ್ನು 3.14ರಿಂದ ಭಾಗಿಸಿ. ದಾರ 36 ಸೆಂ.ಮೀ. ಬಂದರೆ ಪೈಪು ಸುಮಾರು 11.5 ಸೆಂ.ಮೀ. ಅಗಲ. ಕಣ್ಣಳತೆ ಬೇಡ. “ನಾಲ್ಕಿಂಚಿನ ಪೈಪು” ಅನ್ನುವುದು ಒಳಗಿನ ಅಳತೆ, ಟೋಪಿಯನ್ನು ಪೈಪಿಗೆ ಬಿಗಿಯುವ ಬಳೆ ಕೂರುವುದು ಹೊರಗೆ.

ಇನ್ನು ಎಲ್ಲರೂ ಎಡವುವ ಜಾಗ: ಪೈಪಿನ ಬಾಯಿಗೂ ಟೋಪಿಗೂ ನಡುವಿನ ಸಂದು. ಹೊಗೆ ಮೇಲಕ್ಕೆ ಬಂದು, ಟೋಪಿಗೆ ತಾಗಿ, ಪಕ್ಕಕ್ಕೆ ತಿರುಗಿ ಹೋಗಬೇಕು. ಅದಕ್ಕೆ ಪೈಪಿನ ಬಾಯಿಯಷ್ಟಾದರೂ ಜಾಗ ಪಕ್ಕದಲ್ಲಿ ಸಿಗಬೇಕು. ಲೆಕ್ಕ ಹಾಕಿದರೆ ಪೈಪಿನ ಅಗಲದ ಕಾಲು ಭಾಗ ಸಾಕು. 10 ಸೆಂ.ಮೀ. ಪೈಪಿಗೆ ಎರಡೂವರೆ ಸೆಂ.ಮೀ. ಆದರೆ ಆ ಲೆಕ್ಕಕ್ಕೆ ಮಸಿ ಗೊತ್ತಿಲ್ಲ. ಹಸಿ ಸೌದೆ, ಅಡಿಕೆ ಸಿಪ್ಪೆ, ತೆಂಗಿನ ಗರಿ ಉರಿಸುವ ಒಲೆಯಲ್ಲಿ ಎರಡು ತಿಂಗಳಿಗೇ ಸಂದು ಕಟ್ಟಿಕೊಳ್ಳುತ್ತದೆ. ಹಾಗಾಗಿ ಪೈಪಿನ ಅಗಲ ಎಷ್ಟೋ ಸಂದೂ ಅಷ್ಟೇ ಇರಲಿ: 10ಕ್ಕೆ 10. ಅಂಗಡಿಯವರು “ಇಷ್ಟು ಎತ್ತರ ಇಟ್ರೆ ನೀರು ಬರುತ್ತೆ ಸಾರ್” ಅಂತಾರೆ. ಬರುತ್ತದೆ, ಟೋಪಿ ಚಿಕ್ಕದಾದರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಜಾಸ್ತಿ ಮಳೆ. ಅಂಥ ಕಡೆ ಎರಚಲಿಗೇ ಹೆದರಬೇಕು. ಸಂದು ಎಷ್ಟಿದೆಯೋ ಅಷ್ಟು ಸೂರು ಎಲ್ಲ ಕಡೆಯೂ ಹೊರಚಾಚಿದರೆ 45 ಡಿಗ್ರಿ ಓರೆಯಾಗಿ ಹೊಡೆಯುವ ಮಳೆಯೂ ಬಾಯಿಗೆ ತಲುಪುವುದಿಲ್ಲ. ಅಂದರೆ 10 ಸೆಂ.ಮೀ. ಪೈಪಿಗೆ 30 ಸೆಂ.ಮೀ. ಅಗಲದ ಟೋಪಿ. ನೋಡಲು ಅಣಬೆಯಂತೆ ಕಾಣುತ್ತದೆ, ಕಾಣಲಿ.

ತಗಡು ಸ್ಟೀಲಿನದೇ ಇರಲಿ, 304 (ಸ್ಟೇನ್‌ಲೆಸ್ ಸ್ಟೀಲಿನ ಒಂದು ದರ್ಜೆ) ಅಂತ ಕೇಳಿ ತೆಗೆದುಕೊಳ್ಳಿ. ಸೌದೆ ಹೊಗೆಯ ಹುಳಿಗೆ ಜಿಂಕ್ ಶೀಟು ಬೇಗ ತೂತಾಗುತ್ತದೆ. ಗಾಳಿಗೆ ಗಿರಗಿರ ತಿರುಗುವ ಟೋಪಿ ಮಾರುತ್ತಾರಲ್ಲ, ಅದು ಶೆಡ್ಡಿಗೆ ಸರಿ. ಬಚ್ಚಲೊಲೆಗೆ ಹಾಕಿದರೆ ಮಸಿ ಮೆತ್ತಿ ನಿಂತುಬಿಡುತ್ತದೆ, ದುಡ್ಡು ದಂಡ. ಜಾಲರಿ? ದಿನಾ ಒಲೆ ಉರಿಯುವ ಮನೆಗೆ ಬೇಡವೇ ಬೇಡ. ಮಕ್ಕಳೆಲ್ಲ ಬೆಂಗಳೂರು ಸೇರಿ, ಹಬ್ಬಕ್ಕೆ ಮಾತ್ರ ಬೀಗ ತೆಗೆಯುವ ಮನೆಯಾದರೆ ಹಕ್ಕಿ ಗೂಡು ಕಟ್ಟುತ್ತದೆ. ಅಲ್ಲಿ ಅರ್ಧ ಇಂಚು ಕಣ್ಣಿನ ಜಾಲರಿ ಹಾಕಿ. ಸೊಳ್ಳೆ ಪರದೆಯಂಥದ್ದು ಖಂಡಿತಾ ಬೇಡ.

ಹತ್ತುವ ದಿನ ಒಲೆ ಹಚ್ಚಬೇಡಿ. ಹೆಂಚಿನ ಮೇಲಿನ ಇಬ್ಬನಿ ಆರಲಿ, ಏಣಿ ಹಿಡಿಯಲು ಒಬ್ಬರಿರಲಿ, ಕರೆಂಟು ತಂತಿ ಎಲ್ಲಿದೆ ನೋಡಿಕೊಳ್ಳಿ. ಹೆಂಚಿನ ಮೇಲೆ ನೇರ ಕಾಲಿಡದೆ ಅಡ್ಡ ಹಲಗೆ ಹಾಕಿಕೊಳ್ಳಿ.

ಟೋಪಿಯ ಮೂರು ಕಾಲುಗಳ ಕೆಳಗೆ ಬೋಲ್ಟಿನ ಬಳೆ ಇರುತ್ತದೆ. ಅದನ್ನು ಪೈಪಿಗೆ ತೊಡಿಸಿ, ಸಂದನ್ನು ಇನ್ನೊಮ್ಮೆ ಅಳೆದು ಬಿಗಿ ಮಾಡಿ. ಸಿಮೆಂಟ್ ಪೈಪಾದರೆ ನಿಧಾನ: ಟೋಪಿ ಅಲುಗಾಡುವುದು ನಿಂತ ಮೇಲೆ ಅರ್ಧ ಸುತ್ತು, ಅಷ್ಟೇ. ಇನ್ನೂ ಜಗ್ಗಿದರೆ ಪೈಪು ಸೀಳುತ್ತದೆ. ಹಳೇ ಸಿಮೆಂಟ್ ಪೈಪಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಅದಕ್ಕೆ ಡ್ರಿಲ್ ಹಾಕಬೇಡಿ, ಕಟರ್ ಮುಟ್ಟಿಸಬೇಡಿ. ಆ ಧೂಳು ಉಸಿರಿನ ಜೊತೆ ಒಳಹೋದರೆ ಕ್ಯಾನ್ಸರ್ ತರಬಲ್ಲದು.

ಕೆಲವರು ಬಳೆಯ ಬದಲು ಅಂಟು ಮೆತ್ತುತ್ತಾರೆ, ಸಿಮೆಂಟ್ ಹಾಕಿ ಕೂರಿಸುತ್ತಾರೆ. ಹಾಗಾದರೆ ಮಸಿ ತೆಗೆಯುವುದು ಹೇಗೆ? ಟೋಪಿ ಕಳಚಲು ಬರಲೇಬೇಕು.

ಕೆಳಗಿಳಿದು ಒಲೆಯ ಬಾಯಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಒಳಕ್ಕೆ ಎಳೆದುಕೊಂಡರೆ ಸರಿ. ಈ ಪರೀಕ್ಷೆಯನ್ನು ಟೋಪಿ ಹಾಕುವ ಮೊದಲೂ ಒಮ್ಮೆ ಮಾಡಿ. ಆಗಲೇ ಹೊಗೆ ವಾಪಸ್ ಬರುತ್ತಿದ್ದರೆ ತಪ್ಪು ಟೋಪಿಯದಲ್ಲ. ಪೈಪು ಮಸಿ ಕಟ್ಟಿರಬೇಕು, ಇಲ್ಲವೇ ಗಿಡ್ಡ ಇರಬೇಕು. ಪೈಪು ಮಾಡಿನಿಂದ ಹೊರಬರುವ ಜಾಗಕ್ಕಿಂತ 3 ಅಡಿಯಾದರೂ ಮೇಲಿರಬೇಕು.

ಮೃಗಶಿರಾ ಮಳೆಗೆ ಮೊದಲೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ ಟೋಪಿ ಕಳಚಿ ಮಸಿ ಕೆರೆಯಿರಿ. ಬೋಲ್ಟಿಗೆ ಸರಿಹೊಂದುವ ಸ್ಪ್ಯಾನರನ್ನು ಬಚ್ಚಲಿನ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿ. ಇಲ್ಲದಿದ್ದರೆ ಬೇಕಾದ ದಿನ ಅದು ತೋಟದ ಪಂಪ್‌ಸೆಟ್ ಹತ್ತಿರ ಇರುತ್ತದೆ.