ಶ್ರೀರಂಗಪಟ್ಟಣದ ಕೋಟೆಯನ್ನು ಹೊಳೆಯ ಕಡೆಯಿಂದ ನೋಡುವ ಬಗೆ

ಶ್ರೀರಂಗಪಟ್ಟಣಕ್ಕೆ ಬರುವವರಲ್ಲಿ ಹೆಚ್ಚಿನವರು ರಂಗನಾಥಸ್ವಾಮಿಯ ದರ್ಶನ ಮುಗಿಸಿ, ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್ ನೋಡಿ ಮೈಸೂರಿನ ಬಸ್ಸು ಹತ್ತುತ್ತಾರೆ. ಕೋಟೆಯ ಇತಿಹಾಸವನ್ನು ತಿಳಿಯಬೇಕೆಂದಿದ್ದರೆ ಅರ್ಧ ದಿನವನ್ನಾದರೂ ಮೀಸಲಿಟ್ಟು, ನಡಿಗೆಯನ್ನು ಹೆಬ್ಬಾಗಿಲಿನಿಂದಲ್ಲ, ಪಶ್ಚಿಮದ ತುದಿಯಲ್ಲಿರುವ ಹೊಳೆಯ ದಂಡೆಯಿಂದ ಆರಂಭಿಸುವುದು ಒಳ್ಳೆಯದು.

ಕಾವೇರಿ ಎರಡು ಕವಲಾಗಿ ಒಡೆದು ದ್ವೀಪವನ್ನು ಬಳಸುವುದು ಇಲ್ಲಿಯೇ. ಈ ಕೋಟೆಯ ಮೊದಲ ಕಂದಕವೆಂದರೆ ಈ ನದಿಯೇ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಉಳಿದದ್ದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಜೂನ್ ನಂತರ ಮುಂಗಾರಿನ ನೀರು ತುಂಬಿತೆಂದರೆ ಮುತ್ತಿಗೆ ಹಾಕಿದವರು ಕಾದು ಕುಳಿತುಕೊಳ್ಳುವಂತಿರಲಿಲ್ಲ. 1791ರ ಮೇ ತಿಂಗಳಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಕೋಟೆಯ ಹತ್ತಿರಕ್ಕೆ ಬಂದಿದ್ದರೂ, ಧಾನ್ಯವಿಲ್ಲದೆ, ಎಳೆಯುವ ಎತ್ತುಗಳು ಸತ್ತು, ಮಳೆ ಹಿಡಿದದ್ದರಿಂದ ತನ್ನ ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮರುವರ್ಷ ಆತ ಬಂದದ್ದು ಫೆಬ್ರುವರಿಯಲ್ಲಿ. ಆ ಮಾರ್ಚಿನ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಿದ. ಆದ್ದರಿಂದ ಸಾಧ್ಯವಾದರೆ ಏಪ್ರಿಲ್ ಅಥವಾ ಮೇ ತಿಂಗಳಿನ ಬೆಳಗ್ಗೆ ಬನ್ನಿ. ಬಿಸಿಲು ಕಾಡುತ್ತದೆ, ನಿಜ. ಆದರೆ ಬಂಡೆಗಳು ಮೇಲೆದ್ದ ಹೊಳೆಯನ್ನು ಕಂಡಾಗ, 1799ರಲ್ಲಿ ಬ್ರಿಟಿಷರ ಕಾಲ್ನಡಿಗೆಯ ಸೈನ್ಯ ಹೇಗೆ ದಾಟಿತೆಂಬ ಪ್ರಶ್ನೆ ಉಳಿಯುವುದಿಲ್ಲ. ಇಂದಿನ ನೀರಿನ ಮಟ್ಟವನ್ನು ಮೇಲಿನ ಕನ್ನಂಬಾಡಿ ಅಣೆಕಟ್ಟೆ ನಿರ್ಧರಿಸುತ್ತದೆ ಎಂಬುದನ್ನು ಮಾತ್ರ ಲೆಕ್ಕದಲ್ಲಿಡಬೇಕು.

ಅಲ್ಲಿಯೇ ಸಮೀಪದಲ್ಲಿ ಕೋಟೆ ಒಡೆದ ಜಾಗವಿದೆ. ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸ್‌ನ ಫಿರಂಗಿಗಳು ಹೊಳೆಯಾಚೆಯಿಂದ ಗೋಡೆಯನ್ನು ಕೆಡವಿದ ಮೇಲೆ, 1799ರ ಮೇ 4ರ ಮಧ್ಯಾಹ್ನ ಡೇವಿಡ್ ಬೇರ್ಡ್‌ನ ನೇತೃತ್ವದಲ್ಲಿ ಸುಮಾರು 4000 ಮಂದಿ ಇಲ್ಲಿಂದ ನುಗ್ಗಿದರು. ಕಾವಲುಗಾರರು ವಿರಮಿಸುವ ಉರಿಬಿಸಿಲಿನ ಹೊತ್ತನ್ನೇ ಅವರು ಆರಿಸಿಕೊಂಡಿದ್ದರು. ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಸ್ತಂಭದ ಬರಹವನ್ನು ನಿಧಾನವಾಗಿ ಓದಿ: ಅದು ದಾಳಿ ಮಾಡಿದವರ ಕಡೆಯ ನೆನಪು, ಗೋಡೆಯ ಮೇಲೆ ನಿಂತು ಸತ್ತವರ ಹೆಸರುಗಳನ್ನು ಅಲ್ಲಿ ಹುಡುಕಬೇಡಿ.

ಒಳನುಗ್ಗಿದವರು ಎರಡು ತುಕಡಿಗಳಾಗಿ ಉತ್ತರದ ಮತ್ತು ದಕ್ಷಿಣದ ಗೋಡೆಗಳ ಮೇಲೆ ಸಾಗಿದರು. ನೀವು ಉತ್ತರದ ದಾರಿಯನ್ನು ಹಿಡಿಯಿರಿ, ಏಕೆಂದರೆ ಟಿಪ್ಪು ಕಾದಾಡಿ ಬಿದ್ದದ್ದು ಆ ಕಡೆಯಲ್ಲಿ. ಆತನ ಶವ ಸಿಕ್ಕ ಜಾಗವನ್ನು ಗುರುತಿನ ಕಲ್ಲು ತೋರಿಸುತ್ತದೆ. ಹೆಚ್ಚಿನವರು ಅಲ್ಲಿ ಒಂದು ಫೋಟೋ ತೆಗೆದುಕೊಂಡು ಹೊರಡುತ್ತಾರೆ.

ನಿಮ್ಮ ಹೆಚ್ಚಿನ ಸಮಯವನ್ನು ಕರ್ನಲ್ ಬೇಲಿಯ ಸೆರೆಮನೆಗೆ ಕೊಡಿ. 1780ರಲ್ಲಿ ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯಕ್ಕೆ ಸೋತು ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿ ವಿಲಿಯಂ ಬೇಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಸತ್ತ. ಇಟ್ಟಿಗೆ ಮತ್ತು ಗಾರೆಯ ಕಮಾನುಗಳ ಕೆಳಗೆ, ಗೋಡೆಯಿಂದ ಹೊರಚಾಚಿದ ಕಲ್ಲುಗಳಲ್ಲಿ ತೂತುಗಳಿವೆ. ಸೆರೆಯಾಳುಗಳ ಸರಪಳಿಯನ್ನು ಅವುಗಳಿಗೆ ಬಿಗಿಯುತ್ತಿದ್ದರೆಂದು ಹೇಳುತ್ತಾರೆ. ನಡುವೆ ಬಿದ್ದಿರುವ ಫಿರಂಗಿ, 1799ರ ಮುತ್ತಿಗೆಯಲ್ಲಿ ಚಾವಣಿ ಒಡೆದು ಒಳಗೆ ಉರುಳಿತೆಂಬುದು ಪ್ರತೀತಿ. 1799ರ ದಾಳಿಯನ್ನು ಮುನ್ನಡೆಸಿದ ಬೇರ್ಡ್ ಕೂಡ ಪೊಲ್ಲಿಲೂರಿನಲ್ಲಿಯೇ ಸಿಕ್ಕಿಬಿದ್ದು ಮೂರು ವರ್ಷಕ್ಕೂ ಹೆಚ್ಚು ಕಾಲ ಈ ಊರಿನಲ್ಲಿ ಸೆರೆಯಲ್ಲಿದ್ದವನು. ಈ ಹಿನ್ನೆಲೆಯನ್ನು ತಿಳಿದು ಹೋದರೆ ದರಿಯಾ ದೌಲತ್‌ನ ಗೋಡೆಯ ಮೇಲಿರುವ ಪೊಲ್ಲಿಲೂರಿನ ಯುದ್ಧಚಿತ್ರ ಬರಿಯ ಅಲಂಕಾರವಾಗಿ ಕಾಣುವುದಿಲ್ಲ; ಹಾಗಾಗಿ ಅದನ್ನು ಸೆರೆಮನೆಯ ನಂತರ ನೋಡಿ.

ರೈಲು ಹಳಿ ಕೋಟೆಯನ್ನು ಸೀಳಿಕೊಂಡು ಹೋಗುವುದರಿಂದ ದಾಟುವಾಗ ಎಚ್ಚರವಿರಲಿ. ಜೋಡಿ ಹಳಿಗೆ ಜಾಗ ಮಾಡಲು ಟಿಪ್ಪುವಿನ ಮದ್ದಿನಮನೆಯೊಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ಸರಿಸಲಾಯಿತು. ಅದು ಈಗಿರುವುದು ಮೂಲ ಸ್ಥಳದಲ್ಲಿ ಅಲ್ಲ.

ಕೊನೆಗೆ ಹೊಳೆಯ ದಂಡೆಯ ಗ್ಯಾರಿಸನ್ ಸ್ಮಶಾನಕ್ಕೆ ಹೋಗಿ, ಗೋರಿಗಳ ಮೇಲಿನ ವರ್ಷಗಳನ್ನು ಗಮನಿಸಿ. ಕೋಟೆಯನ್ನು ಗೆದ್ದ ಸೈನ್ಯ ಇಲ್ಲಿಯೇ ಬೀಡುಬಿಟ್ಟಿತಾದರೂ, ನೀರಿನ ನಡುವಿನ ಈ ಊರಿನ ಸೊಳ್ಳೆ ಮತ್ತು ಜ್ವರಗಳಿಗೆ ಸೋತು, 1809ರಲ್ಲಿ ಬೆಂಗಳೂರಿನ ದಂಡು ಪ್ರದೇಶಕ್ಕೆ ಹೊರಟುಹೋಯಿತು.