ಸಂಬಳ ದೊಡ್ಡದು, ಊರು ಸಣ್ಣದು: ಹೊರಡುವ ಮೊದಲು ಲೆಕ್ಕ ಹಾಕುವ ಬಗೆ

ಮಂಗಳೂರು, ಉಡುಪಿ ಕಡೆಯ ಎಂಜಿನಿಯರುಗಳಿಗೆ ಒಂದಲ್ಲ ಒಂದು ದಿನ ಇಂಥ ಆಫರ್ ಬರುತ್ತದೆ: ಉಕ್ಕಿನ ಕಾರ್ಖಾನೆಯೋ ಸಿಮೆಂಟ್ ಕಾರ್ಖಾನೆಯೋ ಇರುವ ದೂರದ ಒಂದು ಸಣ್ಣ ಊರು, ಈಗಿನದರ ಒಂದೂವರೆ ಪಟ್ಟು ಸಂಬಳ. ನಾನು ಸುರತ್ಕಲ್ ಬಿಟ್ಟು ಘಟ್ಟದ ಮೇಲಿನ ಅಂಥದೊಂದು ಟೌನ್‌ಶಿಪ್ಪಿನಲ್ಲಿ 6 ವರ್ಷ ಇದ್ದು ಹಿಂದಿರುಗಿದ್ದೇನೆ. ನಾನು ಕಂಡಂತೆ ಹೆಚ್ಚಿನವರು ಲೆಕ್ಕ ಹಾಕಲು ಹೋಗುವುದೇ ಇಲ್ಲ. ಆಫರ್ ಲೆಟರಿನ ಅಂಕಿ ನೋಡಿ ಹೊರಟುಬಿಡುತ್ತಾರೆ, ಇಲ್ಲವೇ ಊರಿನ ಹೆಸರು ಕೇಳಿದೊಡನೆ ಬೇಡವೆನ್ನುತ್ತಾರೆ.

ಮೊದಲು ಆ ಅಂಕಿಯನ್ನು ಬಿಡಿಸಿ ನೋಡಿ. ಈಗ ನಿಮ್ಮ ಸಿಟಿಸಿ (ಕಂಪೆನಿ ನಿಮಗಾಗಿ ಮಾಡುವ ಒಟ್ಟು ಖರ್ಚು) ವರ್ಷಕ್ಕೆ 12 ಲಕ್ಷ, ಹೊಸ ಕಂಪೆನಿಯದು 18 ಲಕ್ಷ ಎಂದಿಟ್ಟುಕೊಳ್ಳೋಣ. ಕಾಗದದಲ್ಲಿ ತಿಂಗಳಿಗೆ 50 ಸಾವಿರ ಹೆಚ್ಚು. ಆದರೆ 18 ಲಕ್ಷದಲ್ಲಿ 2 ಲಕ್ಷ ವೇರಿಯೆಬಲ್ ಪೇ (ಕೆಲಸದ ಫಲಿತಾಂಶ ನೋಡಿ ಕೊಡುವ, ಖಾತ್ರಿಯಿಲ್ಲದ ಭಾಗ) ಇದ್ದು, ಬೇಸಿಕ್ ಸಂಬಳ ಸಿಟಿಸಿಯ ಅರ್ಧದಷ್ಟಿದ್ದರೆ, ಕಂಪೆನಿ ಕಟ್ಟುವ 12% ಪಿಎಫ್ ಹಾಗೂ ಬೇಸಿಕ್‌ನ 4.81% ಗ್ರಾಚ್ಯುಯಿಟಿ (ಕೆಲಸ ಬಿಡುವಾಗ ಸಿಗುವ ಮೊತ್ತ) ಸಾಮಾನ್ಯವಾಗಿ ಆ ಮೊತ್ತದೊಳಗೇ ಸೇರಿರುತ್ತವೆ. ಇವೆಲ್ಲ ಹೋಗಿ, ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ ಮತ್ತು 2025-26ರ ಹೊಸ ತೆರಿಗೆ ಪದ್ಧತಿಯ ಪ್ರಕಾರ ಸುಮಾರು 90 ಸಾವಿರ ಆದಾಯ ತೆರಿಗೆ ಕಳೆದ ಮೇಲೆ ತಿಂಗಳಿಗೆ ಕೈಗೆ ಬರುವುದು 1.04 ಲಕ್ಷದ ಆಸುಪಾಸು. ಇತ್ತ 12 ಲಕ್ಷದ ಸಿಟಿಸಿಯಲ್ಲಿ 60 ಸಾವಿರ ವೇರಿಯೆಬಲ್ ಎಂದು ಹಿಡಿದರೂ, 12 ಲಕ್ಷದವರೆಗಿನ ತೆರಿಗೆಯೋಗ್ಯ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಆದಾಯ ತೆರಿಗೆಯೇ ಬೀಳುವುದಿಲ್ಲ, ಕೈಗೆ ಸುಮಾರು 80 ಸಾವಿರ ಸಿಗುತ್ತದೆ. ಎಂದರೆ 50 ಸಾವಿರವೆಂದು ಕಂಡದ್ದು ನಿಜದಲ್ಲಿ 24 ಸಾವಿರ. ಪಿಎಫ್ ನಿಮ್ಮದೇ ಹಣ, ನಷ್ಟವಲ್ಲ. ಆದರೆ ಅದು ತಿಂಗಳ ಖರ್ಚಿಗೆ ಒದಗುವುದಿಲ್ಲ. ಗ್ರಾಚ್ಯುಯಿಟಿಗೆ ಕಾಯಂ ನೌಕರರು ಸಾಮಾನ್ಯವಾಗಿ 5 ವರ್ಷ ಪೂರೈಸಬೇಕು.

ಈ 24 ಸಾವಿರವನ್ನು ಮುಂದಿಟ್ಟುಕೊಂಡು ಮನೆಯ ಲೆಕ್ಕಕ್ಕೆ ಬನ್ನಿ. ಬಾಡಿಗೆ ಮನೆಯಲ್ಲಿದ್ದು ಅಲ್ಲಿ ಕ್ವಾರ್ಟರ್ಸ್ ಸಿಗುವುದಾದರೆ ಬಾಡಿಗೆ ಉಳಿಯುತ್ತದೆ. ಆದರೆ ಕ್ವಾರ್ಟರ್ಸ್ ಕೊಟ್ಟಾಗ ಮನೆ ಬಾಡಿಗೆ ಭತ್ಯೆ ನಿಲ್ಲುತ್ತದೆಯೇ, ಮನೆಯ ಬೆಲೆ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಎಚ್‌ಆರ್‌ನವರಲ್ಲಿ ಕೇಳಿ ತಿಳಿಯಿರಿ. ಎಲ್ಲಕ್ಕಿಂತ ದೊಡ್ಡದು ಗಂಡ ಅಥವಾ ಹೆಂಡತಿಯ ಕೆಲಸ. ನನ್ನ ಹೆಂಡತಿ ಇಲ್ಲಿನ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಳು. ಆ ಊರಿನಲ್ಲಿದ್ದುದು ಒಂದೇ ಶಾಲೆ, ಖಾಲಿ ಹುದ್ದೆ ಬಂದದ್ದು ಮೂರನೆಯ ವರ್ಷ. ಅವಳ ಸಂಬಳವನ್ನು ಕಳೆದು ನೋಡಿದ್ದರೆ ಮೊದಲೆರಡು ವರ್ಷ ನಮಗೆ ಏನೂ ಹೆಚ್ಚು ಸಿಗುತ್ತಿಲ್ಲವೆಂಬುದು ಹೊರಡುವ ಮೊದಲೇ ತಿಳಿಯುತ್ತಿತ್ತು. ಸಂಬಳಕ್ಕಿಂತಲೂ ಹಗಲೆಲ್ಲ ಮಾಡಲು ಕೆಲಸವಿಲ್ಲದೆ ಅವಳು ಕುಗ್ಗಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಆದ್ದರಿಂದ ಇದು ಇಬ್ಬರೂ ಕೂತು ಮಾಡಬೇಕಾದ ಲೆಕ್ಕ.

ಅನಂತರ ಊರನ್ನು ಕಣ್ಣಾರೆ ನೋಡಿ. ಇಂಟರ್‌ವ್ಯೂ ದಿನ ಕಾರಿನಲ್ಲಿ ಕರೆದೊಯ್ದು ಗೆಸ್ಟ್ ಹೌಸಿನಲ್ಲಿ ಊಟ ಹಾಕಿ ಕಳಿಸಿದ್ದನ್ನು ನೋಡಿದ್ದೆಂದು ಎಣಿಸಬೇಡಿ. ವಾರದ ನಡುವೆ ಎರಡು ರಾತ್ರಿ ನಿಮ್ಮ ಖರ್ಚಿನಲ್ಲೇ ಉಳಿದುಕೊಂಡು, ಸಂಜೆ ಆರೂವರೆಯ ಹೊತ್ತಿಗೆ ಪೇಟೆಗೆ ನಡೆದು ಹೋಗಿ. ನಾನು ಹೋದ ಮಂಗಳವಾರ ಆ ಪೇಟೆಯಲ್ಲಿ ಒಂದು ಬೇಕರಿ, ಎರಡು ಮೊಬೈಲ್ ಅಂಗಡಿ, ಒಂದು ಮೆಡಿಕಲ್ ತೆರೆದಿದ್ದವು. ಬೇಕರಿಯ ಮುಂದಿನ ಬೆಂಚಿನ ಮೇಲೆ ಕೆಂಪು ಧೂಳು ಕೂತಿತ್ತು, ಹುಡುಗ ಅದನ್ನು ಒರೆಸಿ ಟೀ ತಂದಿಟ್ಟ, ಟೀ ಮುಗಿಯುವಷ್ಟರಲ್ಲಿ ಬೀದಿಯ ಎರಡೂ ತುದಿ ನೋಡಿ ಮುಗಿದಿತ್ತು. ಎಂಟಕ್ಕೆ ಮತ್ತೇನು ಮಾಡುವುದೆಂದು ತೋಚದೆ ಟೌನ್‌ಶಿಪ್ಪಿನೊಳಗೆ ಹೋದಾಗ ಬ್ಯಾಡ್ಮಿಂಟನ್ ಕೋರ್ಟಿನಲ್ಲಿ ದೀಪ ಉರಿಯುತ್ತಿತ್ತು, ಏಳೆಂಟು ಮಂದಿ ಸರದಿಗೆ ಕಾಯುತ್ತಿದ್ದರು. ಮುಂದೆ ಆರು ವರ್ಷ ನನ್ನ ಸಂಜೆಗಳನ್ನು ಕಾಯ್ದದ್ದು ಆ ಕೋರ್ಟು. ಊರಿನಲ್ಲಿ ಮಾಲ್ ಇದೆಯೇ ಎಂಬುದಕ್ಕಿಂತ, ನಿಮ್ಮ ವಯಸ್ಸಿನವರು ದಿನವೂ ಸೇರುವ ಜಾಗ ಒಂದಾದರೂ ಇದೆಯೇ ಎಂದು ಹುಡುಕಿ.

ಈಗಿರುವ ಊರಿನಲ್ಲಿ ನೀವು ನಿಜವಾಗಿ ಏನು ಮಾಡುತ್ತಿದ್ದೀರೆಂಬುದನ್ನೂ ನೋಡಿಕೊಳ್ಳಬೇಕು. ಕಳೆದ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆರೆದು, ಸಿನೆಮಾಕ್ಕೆ, ಹೋಟೆಲಿಗೆ ಎಷ್ಟು ಬಾರಿ ಹೋಗಿದ್ದೀರೆಂದು ಎಣಿಸಿ. ಎರಡೇ ಬಾರಿ ಎಂದಾದರೆ ನಗರ ಬಿಡುವುದು ಅಷ್ಟೇನೂ ದೊಡ್ಡ ನಷ್ಟವಲ್ಲ. ಆದರೆ ಸ್ಟೇಟ್‌ಮೆಂಟಿನಲ್ಲಿ ಕಾಣದವೂ ಇವೆ. ಪತ್ತನಾಜೆಯವರೆಗೆ (ಮೇ ಕೊನೆಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ವಾರಕ್ಕೊಂದಾದರೂ ಬಯಲಾಟ ನೋಡುವವರಿಗೆ, ಭಾನುವಾರ ಪಣಂಬೂರಿನ ಕಡಲ ಬದಿಯಲ್ಲಿ ನಡೆಯುವವರಿಗೆ, ಬೂತಾಯಿ ಮೀನಿನ ಪುಳಿಮುಂಚಿ ಇಲ್ಲದೆ ಊಟ ಸೇರದವರಿಗೆ ಬಯಲುಸೀಮೆಯ ಬೇಸರ ಬೇರೆಯೇ ಬಗೆಯದು. ನನ್ನನ್ನು ಹೆಚ್ಚು ಕಾಡಿದ್ದು ತುಳು. ಅಲ್ಲಿ ತುಳು ಮಾತಾಡುವ ನಾಲ್ಕು ಮನೆಗಳು ಸಿಕ್ಕ ಮೇಲೆ, ಅಷ್ಟಮಿಗೆ ಒಟ್ಟಿಗೆ ಮೂಡೆ (ಎಲೆಯ ಕೊಟ್ಟೆಯಲ್ಲಿ ಬೇಯಿಸುವ ಕಡುಬು) ಕಟ್ಟಿದ ಮೇಲೆ ಊರು ಸಹ್ಯವಾಯಿತು. ಸೇರುವ ಮೊದಲೇ ಅಂಥ ಒಬ್ಬರನ್ನು ಹುಡುಕಿ ಫೋನಿನಲ್ಲಿ ಮಾತಾಡಿ. ಎಚ್‌ಆರ್ ಹೇಳದ್ದನ್ನು ಅವರು ಹೇಳುತ್ತಾರೆ.

ಹೆತ್ತವರು ಇಲ್ಲಿಯೇ ಉಳಿಯುವುದಾದರೆ ದೂರವನ್ನು ಕಿಲೋಮೀಟರಿನಲ್ಲಿ ಅಳೆಯದೆ, ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಎಷ್ಟು ಹೊತ್ತಿಗೆ ಮನೆ ಬಾಗಿಲಲ್ಲಿರುತ್ತೀರಿ ಎಂದು ಅಳೆಯಿರಿ. ಅಪ್ಪನಿಗೆ ಎದೆನೋವು ಬಂದ ರಾತ್ರಿ ಕೊನೆಯ ಬಸ್ಸು ಹೊರಟುಹೋಗಿತ್ತು. ನಾನು ತಲುಪಿದ್ದು ಮರುದಿನ ಮಧ್ಯಾಹ್ನ, ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿದ್ದರಿಂದ ಅಪ್ಪ ಉಳಿದರು. ಮಳೆಗಾಲದಲ್ಲಿ ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಗುಡ್ಡ ಕುಸಿದರೆ ಅಷ್ಟರಲ್ಲಿ ತಲುಪುವುದೂ ಕಷ್ಟ.

ಒಂದೇ ಕಂಪೆನಿಯನ್ನು ನಂಬಿದ ಊರಿನ ಅಪಾಯಕ್ಕೆ ದೂರದ ಉದಾಹರಣೆ ಬೇಕಿಲ್ಲ. ಕಬ್ಬಿಣದ ಗಣಿಯ ಊರಾದ ಕುದುರೆಮುಖದಲ್ಲಿ ಶಾಲೆ, ಆಸ್ಪತ್ರೆ, ಕ್ವಾರ್ಟರ್ಸ್ ಎಲ್ಲ ಇದ್ದವು, ಅಲ್ಲಿನ ಅದಿರು ಕೊಳವೆಯಲ್ಲಿ ಪಣಂಬೂರಿಗೆ ಬರುತ್ತಿತ್ತು. 2005ರ ಕೊನೆಗೆ ಸುಪ್ರೀಂ ಕೋರ್ಟಿನ ಆದೇಶದಂತೆ ಗಣಿ ನಿಂತಿತು, ಊರು ಬರಿದಾಯಿತು. ಇಂಥ ಊರಿನಲ್ಲಿ ಕೆಲಸ ಹೋದರೆ ಮನೆಯೂ ಹೋಗುತ್ತದೆ, ಹತ್ತಿರದಲ್ಲಿ ಬೇರೆ ಕೆಲಸವಿರುವುದಿಲ್ಲ. ಆರು ತಿಂಗಳ ಖರ್ಚಿನ ಹಣ ಕೈಯಲ್ಲಿಟ್ಟುಕೊಳ್ಳದೆ ಹೊರಡಬೇಡಿ.

ಹೋಗುವುದೆಂದು ನಿರ್ಧರಿಸಿದರೆ ಯಾವ ಉದ್ದೇಶಕ್ಕೆ, ಎಷ್ಟು ಹಣಕ್ಕೆ, ಯಾವ ತಿಂಗಳವರೆಗೆ ಎಂದು ಬರೆದಿಟ್ಟುಕೊಳ್ಳಿ. ಮನೆ ಸಾಲದ ಬಾಕಿ 8 ಲಕ್ಷವಿದ್ದು ತಿಂಗಳಿಗೆ 20 ಸಾವಿರ ಹೆಚ್ಚುವರಿ ಕಟ್ಟುವುದಾದರೆ, ಮಾಮೂಲಿ ಕಂತಿನ ಜೊತೆಗೆ ಅದು ಎಷ್ಟು ತಿಂಗಳಲ್ಲಿ ತೀರುತ್ತದೆಂದು ಬ್ಯಾಂಕಿನಲ್ಲೇ ಲೆಕ್ಕ ಹಾಕಿಸಿ. ಸಹಿ ಹಾಕುವ ಮೊದಲು ನೋಟಿಸ್ ಅವಧಿ, ಬಾಂಡ್ (ಇಷ್ಟು ಕಾಲ ಬಿಡುವುದಿಲ್ಲವೆಂಬ ಕರಾರು), ಸಾಮಾನು ಸಾಗಣೆಯ ಖರ್ಚು, ಬೇಗ ಬಿಟ್ಟರೆ ಅದನ್ನು ಹಿಂದಿರುಗಿಸಬೇಕೇ ಎಂಬುದು, ಮೂರು ವರ್ಷದ ಬಳಿಕ ವರ್ಗಾವಣೆಯ ಅವಕಾಶ ಇವೆಲ್ಲವನ್ನೂ ಕಾಗದದ ಮೇಲೆ ಕೇಳಿ. ವರ್ಗಾವಣೆಯ ಮಾತು ನನಗೆ ಬಾಯಲ್ಲಿ ಸಿಕ್ಕಿತ್ತು. ಮೂರು ವರ್ಷ ಕಳೆದು ಕೇಳಿದಾಗ, ಆ ಮಾತು ಕೊಟ್ಟ ಅಧಿಕಾರಿ ಕಂಪೆನಿಯಲ್ಲೇ ಇರಲಿಲ್ಲ.