ಮೊದಲು ಚೀಟಿ, ಆಮೇಲೆ ಮಾತು: ‘72 ಸೀಸನ್ಸ್’ ಕೇಳಿಸಿದ ನನ್ನ ಅನುಭವ

ಮೊದಲ ಸಲ ಕೇಳಿ ಹೇಳುವ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ ಅಂತ ನಮ್ಮ ಗುಂಪಿನ ಹಿರಿಯಣ್ಣ ಒಬ್ಬರು ಯಾವಾಗಲೂ ಹೇಳುತ್ತಿದ್ದರು. ‘ಆಲ್ಬಂ ಬಂದ ದಿನ ಎಲ್ಲರಿಗೂ ಹುಚ್ಚು ಕಣಪ್ಪ. ಆರು ತಿಂಗಳು ಬಿಟ್ಟು ಕೇಳು, ಹೇಳ್ತೀನಿ’ ಅಂತ. ಉಳಿದವರೂ ತಲೆಯಾಡಿಸುತ್ತಿದ್ದರು. ಹೊಸ ಆಲ್ಬಂ ಬಂದ ದಿನವೇ ಎಲ್ಲರಿಗೂ ಕೇಳಿಸಿ, ಮಾತಾಡುವ ಮೊದಲೇ ಅಭಿಪ್ರಾಯ ಬರೆಸಿಕೊಳ್ಳಲು ನಾನು ಚೀಟಿ, ಪೆನ್ಸಿಲ್, ಸೌಂಡ್ ಮೀಟರ್ ಹಿಡಿದುಕೊಂಡು ಓಡಾಡುವುದು ಅವರಿಗೆ ತಮಾಷೆಯಾಗಿತ್ತು. ಈಗ ಅದೇ ಅಣ್ಣ ನನ್ನ ಚೀಟಿಯ ನಮೂನೆಯನ್ನು ಫೋಟೋ ಹೊಡೆದುಕೊಂಡು ಹೋಗಿದ್ದಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

‘72 ಸೀಸನ್ಸ್’ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾದ ಆಲ್ಬಂ. ಮೆಟಾಲಿಕಾ ಯಾರು, ಏನು ಅಂತ ಇದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಶೋಗೆ ಇದ್ದವರಿಗೆ ಬೇಕಾಗಿಲ್ಲ, ಇಲ್ಲದವರಿಗೆ ಹೇಳಿ ಉಪಯೋಗವಿಲ್ಲ. ನೇರವಾಗಿ ಕೆಲಸಕ್ಕೆ ಬರೋಣ.

ಮೊದಲು ಎಲ್ಲೆಲ್ಲಿ ಕೈಕೊಟ್ಟಿತು ಅನ್ನುವುದನ್ನು ಹೇಳುತ್ತೇನೆ. 2016ರ ನವೆಂಬರ್‌ನಲ್ಲಿ ಅವರ ‘ಹಾರ್ಡ್‌ವೈರ್ಡ್’ ಆಲ್ಬಂ ಬಂದಾಗ ಎಲ್ಲರನ್ನೂ ಒಂದು ಕಡೆ ಸೇರಿಸಿದ್ದೆವು. ಎರಡು ಡಿಸ್ಕ್, 77 ನಿಮಿಷ. ಎರಡನೇ ಹಾಡು ಮುಗಿಯುವ ಹೊತ್ತಿಗೆ ಒಬ್ಬ ‘ಗುರು, ವಾಪಸ್ ಬಂದ್ರು!’ ಅಂತ ಕೂಗಿದ. ಅಲ್ಲಿಗೆ ಮುಗಿಯಿತು. ಆಮೇಲೆ ಎಲ್ಲರದ್ದೂ ಅದೇ ಮಾತು. ಜೋರು ಗಂಟಲಿನವನ ಅಭಿಪ್ರಾಯವೇ ಇಡೀ ಕೋಣೆಯ ಅಭಿಪ್ರಾಯ. ಒಂದು ವಾರ ಬಿಟ್ಟು ಒಬ್ಬೊಬ್ಬರನ್ನೇ ಬೇರೆಯಾಗಿ ಕೇಳಿದರೆ, ಎರಡನೇ ಡಿಸ್ಕ್ ಅರ್ಧಕ್ಕರ್ಧ ಜನಕ್ಕೆ ಹಿಡಿಸಿರಲೇ ಇಲ್ಲ. ಅವತ್ತು ಯಾಕೆ ಹೇಳಲಿಲ್ಲ ಅಂದರೆ, ‘ಸುಮ್ನೆ ಯಾಕೆ ಮಗಾ, ಎಲ್ರೂ ಖುಷಿಯಾಗಿದ್ರು’ ಅಂದರು.

2021ರಲ್ಲಿ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ‘ಸೆಂಜುತ್ಸು’ ಬಂದಾಗ ಕೊರೊನಾ ಕಾಲ. ವಿಡಿಯೊ ಕಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ಪ್ಲೇ ಒತ್ತುವುದು ಅಂತ ಮಾಡಿದೆವು. ಅದು 82 ನಿಮಿಷದ ಆಲ್ಬಂ. ಒಬ್ಬನ ಹಾಡು ಐದು ಸೆಕೆಂಡು ಮುಂದೆ, ಇನ್ನೊಬ್ಬನದ್ದು ಹತ್ತು ಸೆಕೆಂಡು ಹಿಂದೆ. ಸೋಲೊ ಶುರುವಾಗುವ ಮೊದಲೇ ಯಾರದ್ದೋ ಮುಖ ಅರಳುತ್ತಿತ್ತು. ಒಬ್ಬ ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಕೇಳಿ ‘ಬೇಸೇ ಇಲ್ಲ’ ಅಂದ. ಬೇಸ್ ಗಿಟಾರೇ ಜೀವಾಳವಾದ ಮೇಡನ್‌ನಲ್ಲಿ ಬೇಸ್ ಇಲ್ವಂತೆ! ಅವತ್ತೇ ತೀರ್ಮಾನ ಮಾಡಿದೆ: ಒಂದೇ ಕೋಣೆ, ಒಂದೇ ಸ್ಪೀಕರ್, ಬಾಯಿಗೆ ಬೀಗ.

ಕೋಣೆಗೆ ಖರ್ಚಾಗಿದ್ದೇ ಜಾಸ್ತಿ. ರಾಜಾಜಿನಗರದಲ್ಲಿ ಗೆಳೆಯನದ್ದೊಂದು ಟ್ಯೂಷನ್ ರೂಮು ಇದೆ, ಮಹಡಿ ಮೇಲೆ. ಖಾಲಿ ಗೋಡೆ, ಖಾಲಿ ನೆಲ, ಚಪ್ಪಾಳೆ ಹೊಡೆದರೆ ಎರಡು ಸಲ ಕೇಳುತ್ತಿತ್ತು. ಯಾರೋ ಹೇಳಿದರು ಅಂತ ಮೊಟ್ಟೆ ಟ್ರೇ ತಂದು ಅಂಟಿಸಿದೆವು. ವಾಸನೆ ಬಂತೇ ಹೊರತು ಬೇಸ್ ಒಂದಿಷ್ಟೂ ಕಡಿಮೆಯಾಗಲಿಲ್ಲ. ಮೊಟ್ಟೆ ಟ್ರೇ ಮೇಲಿನ ಚುರುಕು ಸದ್ದನ್ನು ಸ್ವಲ್ಪ ತಿನ್ನುತ್ತದೆ, ಕೆಳಗಿನ ಗುಂಯ್ ಅನ್ನುವುದನ್ನು ಮುಟ್ಟುವುದೇ ಇಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಹಳೇ ಹತ್ತಿ ಹಾಸಿಗೆ. ಮೂಲೆಗಳಲ್ಲಿ ಸುತ್ತಿ ನಿಲ್ಲಿಸಿ, ನೆಲಕ್ಕೆ ಎರಡು ಜಮಖಾನ ಹಾಸಿ, ಸ್ಪೀಕರನ್ನು ಗೋಡೆಯಿಂದ ಎರಡಡಿ ಮುಂದೆ ತಂದ ಮೇಲೆ ಎರಡೂ ಕಾಲಲ್ಲಿ ಬಡಿಯುವ ಡಬಲ್ ಬೇಸ್ ಡ್ರಮ್ ಬಿಡಿಬಿಡಿಯಾಗಿ ಕೇಳಿಸತೊಡಗಿತು. ಹಾಸಿಗೆ ಪುಕ್ಕಟೆ. ಸ್ಪೀಕರ್ ಸೆಕೆಂಡ್ ಹ್ಯಾಂಡ್, ಹದಿನೆಂಟು ಸಾವಿರದ ಹತ್ತಿರ. ಆಂಪ್ಲಿಫೈಯರ್ ಹನ್ನೆರಡು ಸಾವಿರ ಇರಬೇಕು. ಅದರ ಒಂದು ಚಾನೆಲ್ ತಿಂಗಳೊಳಗೆ ಸತ್ತಿತು. ಎಸ್.ಪಿ. ರೋಡಿನಲ್ಲಿ ಬಿಡಿಭಾಗ ಹುಡುಕಿ ಸರಿ ಮಾಡಿಸಲು ಇನ್ನೊಂದೆರಡು ಸಾವಿರ. ಸೌಂಡ್ ಮೀಟರ್ ಒಂದೂವರೆ ಸಾವಿರದ ಆಸುಪಾಸು. ಫೋನ್ ಆ್ಯಪ್ ಸಾಕು ಅನ್ನುವವರು ಎರಡು ಬೇರೆ ಫೋನನ್ನು ಪಕ್ಕಪಕ್ಕ ಇಟ್ಟು ನೋಡಲಿ, ಆಮೇಲೆ ಮಾತಾಡೋಣ.

ಎಲ್‌ಪಿಯಲ್ಲೇ, ಅಂದರೆ ದೊಡ್ಡ ಗ್ರಾಮಫೋನ್ ತಟ್ಟೆಯಲ್ಲೇ, ಕೇಳಿಸಬೇಕು ಅಂತ ಆಸೆ ಇತ್ತು. ತರಿಸಲು ಕಸ್ಟಮ್ಸ್ ಸೇರಿ ನಾಲ್ಕು ಸಾವಿರ ದಾಟಿತು. ಬಂದದ್ದು ಆಲ್ಬಂ ಬಿಡುಗಡೆಯಾಗಿ ಎಷ್ಟೋ ವಾರದ ಮೇಲೆ, ಅದೂ ಒಂದು ಡಿಸ್ಕ್ ಬಾಗಿತ್ತು. ಮಾರಿದವನು ಫೋನೇ ಎತ್ತಲಿಲ್ಲ. ಆ ದುಡ್ಡು ಹೋಯಿತು ಅಂತಲೇ ಲೆಕ್ಕ. ಆದರೆ ಅದರಿಂದ ಒಂದು ಒಳ್ಳೆಯದಾಯಿತು. ಸ್ಟ್ರೀಮಿಂಗ್‌ನಲ್ಲೇ ಕೇಳಿಸಿದ್ದಾಯಿತು, ಅದರಲ್ಲಿ ಲೆವೆಲ್, ಅಂದರೆ ಸದ್ದಿನ ಮಟ್ಟ, ಹಿಡಿಯುವುದು ಸುಲಭ.

ಲೆವೆಲ್ ವಿಷಯ ಸ್ವಲ್ಪ ಹೇಳಲೇಬೇಕು. ನಾನು ಹೊಸ ಆಲ್ಬಂಗೆ ಮೊದಲು ಹಳೆಯ ಎರಡು ಹಾಡು ಹಾಕುತ್ತೇನೆ, ಕಿವಿ ಒಂದು ಹದಕ್ಕೆ ಬರಲಿ ಅಂತ. ಹಳೆಯದರ ಸದ್ದು, ಹೊಸದರ ಸದ್ದು ಒಂದೇ ಮಟ್ಟದಲ್ಲಿ ಇಲ್ಲದಿದ್ದರೆ ಜೋರಾಗಿರುವುದೇ ಗೆಲ್ಲುತ್ತದೆ, ಒಂದು ಡೆಸಿಬಲ್ ಸಾಕು. ಯಾರಿಗೂ ‘ಇದು ಜೋರು’ ಅಂತ ಅನಿಸುವುದಿಲ್ಲ, ‘ಇದು ಚೆನ್ನಾಗಿದೆ’ ಅನಿಸುತ್ತದೆ. ಹಾಗಾಗಿ ಕೂರುವ ಜಾಗದಲ್ಲಿ ಎಂಬತ್ತು ಡೆಸಿಬಲ್‌ಗೆ ಹೊಂದಿಸಿ, ನಾಬ್ ಮೇಲೆ ಟೇಪ್ ಅಂಟಿಸುತ್ತೇನೆ. ಯಾರೂ ಮುಟ್ಟುವ ಹಾಗಿಲ್ಲ. ಹೊಂದಿಸಲು ಯಾವ ಎರಡು ಹಾಡು ಬಳಸುತ್ತೇನೆ ಅಂತ ಕೇಳಬೇಡಿ, ಅದು ನನ್ನ ಹತ್ತಿರವೇ ಇರಲಿ.

ಚೀಟಿಯನ್ನು ಎಷ್ಟೋ ಸಲ ಬದಲಾಯಿಸಿದ್ದೇನೆ. ಹತ್ತಕ್ಕೆ ಅಂಕ ಕೇಳಿದರೆ ನಮ್ಮವರು ಎಲ್ಲದಕ್ಕೂ ಎಂಟು ಕೊಡುತ್ತಾರೆ. ಮೆಟಾಲಿಕಾಗೆ ಎಂಟಕ್ಕಿಂತ ಕಡಿಮೆ ಕೊಡಲು ಕೈ ನಡುಗುತ್ತದೆ. ಆದ್ದರಿಂದ ಅಂಕ ತೆಗೆದೆ. ಈಗ ಹಾಡಿಗೆ ಮೂರು ಕಾಲಂ. ‘ನಾಳೆ ಬೆಳಿಗ್ಗೆ ಬಸ್ಸಿನಲ್ಲಿ ಇದನ್ನು ಮತ್ತೆ ಹಾಕುತ್ತೀಯಾ?’ ಅನ್ನುವುದಕ್ಕೆ ಹೌದು ಅಥವಾ ಇಲ್ಲ. ಸದ್ದಿನ ಬಗ್ಗೆ ಒಂದೇ ಸಾಲು: ಗಿಟಾರ್, ಡ್ರಮ್, ದನಿ, ಏನಾದರೂ ಸರಿ. ಮೂರನೇ ಕಾಲಂ ಏನು ಅಂತ ಹೇಳುವುದಿಲ್ಲ. ಅಣ್ಣನ ಫೋಟೋದಲ್ಲೂ ಅದನ್ನು ಮಡಚಿಟ್ಟಿದ್ದೆ.

‘72 ಸೀಸನ್ಸ್’ ಬಂದದ್ದು 2023ರ ಏಪ್ರಿಲ್ 14, ಶುಕ್ರವಾರ. ಅಂಬೇಡ್ಕರ್ ಜಯಂತಿ, ಎಲ್ಲರಿಗೂ ರಜೆ. ಇದಕ್ಕಿಂತ ಒಳ್ಳೆಯ ದಿನ ಬೇಕಾ? ಮೆರವಣಿಗೆ ಮುಂದೆ ಹೋಗುವವರೆಗೆ ಕಾದು, ಮಧ್ಯಾಹ್ನದ ಮೇಲೆ ಶುರು ಮಾಡಿದೆವು. ಎರಡು ತಂಡ, ಒಂದೊಂದರಲ್ಲಿ ಏಳೆಂಟು ಜನ. ಸೆಕೆಯಲ್ಲಿ ಫ್ಯಾನ್ ಆರಿಸಿ ಕೂರಿಸಿದ್ದಕ್ಕೆ ಬೈಸಿಕೊಂಡದ್ದು ಬೇರೆ. ತಲೆಗೆ ನೂರೈವತ್ತು ರೂಪಾಯಿ ತಿಂಡಿಗೆ. ಮೊದಲ ತಂಡಕ್ಕೆ ಕೋಡುಬಳೆ ಕೊಟ್ಟಿದ್ದೆವು. ಹಾಡಿನ ನಡುವೆ ಸದ್ದು ತಗ್ಗಿದಾಗಲೆಲ್ಲ ಕಟಂ ಕಟಂ. ಎರಡನೇ ತಂಡಕ್ಕೆ ಮೈಸೂರು ಪಾಕು.

ಒಂದು ತೊಡಕಿತ್ತು. ಹನ್ನೆರಡು ಹಾಡಿನಲ್ಲಿ ನಾಲ್ಕು ಹಾಡು ಮೊದಲೇ ಹೊರಬಂದಿದ್ದವು. ‘ಲಕ್ಸ್ ಎಟರ್ನಾ’ 2022ರ ನವೆಂಬರ್‌ನಲ್ಲೇ ಬಂದಿತ್ತು. ಆಮೇಲೆ ‘ಸ್ಕ್ರೀಮಿಂಗ್ ಸೂಯಿಸೈಡ್’, ‘ಇಫ್ ಡಾರ್ಕ್‌ನೆಸ್ ಹ್ಯಾಡ್ ಎ ಸನ್’, ಮತ್ತೆ ಆಲ್ಬಂ ಹೆಸರಿನದ್ದೇ ಹಾಡು. ಒಟ್ಟು 77 ನಿಮಿಷದಲ್ಲಿ ಇಪ್ಪತ್ಮೂರು ನಿಮಿಷದಷ್ಟು ಎಲ್ಲರಿಗೂ ಬಾಯಿಪಾಠ. ಕೇಳಿ ರೂಢಿಯಾದದ್ದು ಚೆನ್ನಾಗಿದೆ ಅನಿಸಿಯೇ ಅನಿಸುತ್ತದೆ, ಅಲ್ವಾ? ಅದಕ್ಕೆ ಆ ನಾಲ್ಕಕ್ಕೆ ಬಣ್ಣದ ಚೀಟಿ ಕೊಟ್ಟು, ಲೆಕ್ಕದಿಂದಲೇ ಹೊರಗಿಟ್ಟೆ. ಮೊದಲ ದಿನದ ಅಭಿಪ್ರಾಯ ಹಾಳಾಗುವುದೇ ಇಲ್ಲಿ ಅಂತ ನನಗೆ ಬಹಳ ದಿನದಿಂದ ಗುಮಾನಿ ಇತ್ತು. ಜನ ಹೊಸ ಆಲ್ಬಂ ಹೊಗಳುತ್ತಿದ್ದೇವೆ ಅಂದುಕೊಂಡು ಐದು ತಿಂಗಳ ಹಳೆಯ ಹಾಡನ್ನು ಹೊಗಳುತ್ತಿರುತ್ತಾರೆ.

ಚೀಟಿಗಳಲ್ಲಿ ಬಂದದ್ದೇನು? ಉದ್ದ ಜಾಸ್ತಿ ಅಂತ ಹೆಚ್ಚುಕಡಿಮೆ ಎಲ್ಲರೂ ಬರೆದಿದ್ದರು. ಗಿಟಾರ್ ವಾದಕ ಕರ್ಕ್ ಹ್ಯಾಮೆಟ್ ವಾ ಪೆಡಲ್ (ಗಿಟಾರನ್ನು ‘ವಾ ವಾ’ ಅನ್ನಿಸುವ ಕಾಲೊತ್ತು) ಮೇಲಿಂದ ಕಾಲು ತೆಗೆಯುವುದಿಲ್ಲ ಅಂತ ಅರ್ಧ ಜನ. ಒಂದಾದರೂ ನಿಧಾನದ ಹಾಡು ಬೇಕಿತ್ತು ಅಂತ ನಾಲ್ಕೈದು ಜನ. ನಿಜ, ಇದರಲ್ಲಿ ಬ್ಯಾಲಡ್ ಇಲ್ಲವೇ ಇಲ್ಲ. ಸದ್ದಿನ ಬಗ್ಗೆ ಮಾತ್ರ ಎಲ್ಲರೂ ಸಮಾಧಾನದಿಂದ ಇದ್ದರು. ಗಿಟಾರ್ ದಪ್ಪ, ಡ್ರಮ್ ಸ್ಪಷ್ಟ. ಆಲ್ಬಂ ನಿರ್ಮಾಪಕ ಗ್ರೆಗ್ ಫಿಡೆಲ್‌ಮನ್ ಕೈಚಳಕ ಅಂತ ಒಬ್ಬ ಬರೆದಿದ್ದ. ಗಾಯಕ ಹೆಟ್‌ಫೀಲ್ಡ್ ದನಿ ಈ ವಯಸ್ಸಿನಲ್ಲೂ ಹೀಗಿದೆಯಲ್ಲ ಅಂತ ಸುಮಾರು ಜನ.

ಎರಡನೇ ತಂಡದ ಮೇಲೆ ಒಂದು ಪ್ರಯೋಗ ಮಾಡಿದ್ದೆ. ಆಲ್ಬಮ್ಮಿನ ಕೊನೆಯ ಮೂರು ಹಾಡನ್ನು ಮೊದಲು ಹಾಕಿದೆ. ಅಂದರೆ ‘ಇನಮೊರಾಟಾ’ ಮೂರನೆಯದಾಗಿ ಬಂತು. ಹನ್ನೊಂದು ನಿಮಿಷ ದಾಟುವ ಹಾಡು, ಅವರ ಸ್ಟುಡಿಯೊ ಆಲ್ಬಂಗಳ ಸ್ವಂತ ಹಾಡುಗಳಲ್ಲೇ ಉದ್ದದ್ದು. ಕ್ರಮವಾಗಿ ಕೇಳಿದವರಲ್ಲಿ ಎಂಟಕ್ಕೆ ಮೂವರು ‘ಹೌದು’ ಅಂದಿದ್ದರು ಅಂತ ನೆನಪು. ತಿರುಗಿಸಿ ಕೇಳಿದವರಲ್ಲಿ ಒಬ್ಬರೋ ಇಬ್ಬರೋ ಬಿಟ್ಟು ಎಲ್ಲರೂ ‘ಹೌದು’. ಅಷ್ಟೇ ಅಲ್ಲ, ಮೊದಲ ತಂಡ ಮೆಚ್ಚಿದ್ದ ‘ಶ್ಯಾಡೋಸ್ ಫಾಲೋ’ ಎರಡನೇ ತಂಡಕ್ಕೆ ಸಪ್ಪೆ ಅನಿಸಿತ್ತು. ಉದ್ದ ಜಾಸ್ತಿ ಅನ್ನುವ ದೂರು ಹಾಡಿನದ್ದಲ್ಲ, ಕಿವಿ ದಣಿದದ್ದರದ್ದು ಅಂತ ನನಗೆ ಗಟ್ಟಿಯಾಯಿತು. ಒಂದು ಗಂಟೆ ದಾಟಿದ ಮೇಲೆ ಬರುವ ಯಾವ ಹಾಡಿಗೂ ನ್ಯಾಯ ಸಿಗುವುದಿಲ್ಲ. ಹಾಗಾಗಿ ಈಗ ಮೂರು ಹಾಡಿಗೊಮ್ಮೆ ಹತ್ತು ನಿಮಿಷ ಬಿಡುವು ಕೊಡುತ್ತೇನೆ. ಆ ಹತ್ತು ನಿಮಿಷ ಹೊರಗೆ ಹೋಗಿ, ಕ್ರಿಕೆಟ್ ಬೇಕಾದರೆ ಮಾತಾಡಿ, ಹಾಡು ಬೇಡ.

ಚೀಟಿಗಳನ್ನು ಕವರಿಗೆ ಹಾಕಿ ಅಂಟಿಸಿದೆ. ಒಂದು ವಾರಕ್ಕೆ ಮತ್ತೆ ಅದೇ ಪ್ರಶ್ನೆ, ದೀಪಾವಳಿ ಹೊತ್ತಿಗೆ ಇನ್ನೊಂದು ಸಲ. ಅಣ್ಣನ ಆರು ತಿಂಗಳ ಷರತ್ತನ್ನು ಅವರ ಮೇಲೇ ತಿರುಗಿಸಿದ್ದು ನಾನು.

ಅವರ ಮುಂದೆಯೇ ಕವರ್ ಒಡೆದೆವು. ‘ಹೌದು-ಇಲ್ಲ’ ಕಾಲಂ ಮೂರನೇ ಒಂದು ಭಾಗ ತಿರುಗಿಬಿಟ್ಟಿತ್ತು. ಮೊದಲ ದಿನ ಬೇಡ ಅಂದ ಹಾಡು ಈಗ ಬೇಕು, ಬೇಕು ಅಂದದ್ದು ಬೇಡ. ‘ನೋಡಿದ್ಯಾ, ನಾನು ಹೇಳಿರಲಿಲ್ವಾ?’ ಅಂತ ಅಣ್ಣ ನಕ್ಕರು. ಆಮೇಲೆ ಸದ್ದಿನ ಕಾಲಂ ಓದಿದೆ. ಅದರಲ್ಲಿ ಬದಲಾದದ್ದು ಒಂದೋ ಎರಡೋ ಚೀಟಿ. ವಾ ಪೆಡಲ್ ಅಂದವರು ಈಗಲೂ ವಾ ಪೆಡಲ್ ಅನ್ನುತ್ತಿದ್ದರು. ಡ್ರಮ್ ಹೊಗಳಿದವರು ಈಗಲೂ ಹೊಗಳುತ್ತಿದ್ದರು. ಅಂದರೆ ಹಾಡಿನ ಬಗ್ಗೆ ಮೊದಲ ಮಾತನ್ನು ನಂಬಬೇಡಿ, ಸದ್ದಿನ ಬಗ್ಗೆ ನಂಬಿ. ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅವರೇ ಮೆಟಾಲಿಕಾದ ಹಳೆಯ ಆಲ್ಬಂಗಳ ಮಾತನ್ನೆಲ್ಲ ತೆಗೆದರು.

1988ರ ‘ಜಸ್ಟಿಸ್’ನಲ್ಲಿ ಜೇಸನ್ ನ್ಯೂಸ್ಟೆಡ್ ನುಡಿಸಿದ ಬೇಸ್ ಗಿಟಾರ್ ಕೇಳಿಸುವುದಿಲ್ಲ ಅಂತ ಆಗ ಹೇಳಿದರು, ಇವತ್ತಿಗೂ ಹೇಳುತ್ತಾರೆ. 2003ರ ‘ಸೇಂಟ್ ಆ್ಯಂಗರ್’ನ ಸ್ನೇರ್ ಡ್ರಮ್ ಪಾತ್ರೆ ಬಡಿದ ಹಾಗಿದೆ ಅಂತ ಮೊದಲ ದಿನ ಬೈದದ್ದು ಇನ್ನೂ ನಿಂತಿಲ್ಲ. 2008ರ ‘ಡೆತ್ ಮ್ಯಾಗ್ನೆಟಿಕ್’ ಇದಕ್ಕೆಲ್ಲ ತಲೆಯ ಮೇಲೆ ಹೊಡೆದಂಥ ಸಾಕ್ಷಿ. ಬಂದ ಕೂಡಲೇ ಅಭಿಮಾನಿಗಳು ಸದ್ದು ಒಡೆಯುತ್ತಿದೆ ಅಂದರು. ಗಿಟಾರ್ ಹೀರೊ ಅನ್ನುವ ವಿಡಿಯೊ ಆಟದಲ್ಲಿದ್ದ ಅದೇ ಹಾಡುಗಳನ್ನು ತೆಗೆದು ಪಕ್ಕದಲ್ಲಿಟ್ಟು, ಆಟದ್ದೇ ಉಸಿರಾಡುತ್ತದೆ ಅಂತ ತೋರಿಸಿದರು. ಮರುಮಿಕ್ಸ್ ಮಾಡಿ ಅಂತ ಹತ್ತು ಸಾವಿರಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮಾಸ್ಟರಿಂಗ್ (ಬಿಡುಗಡೆಗೆ ಮೊದಲ ಕೊನೆಯ ತಿದ್ದುಪಡಿ) ಮಾಡಿದ ಟೆಡ್ ಜೆನ್ಸನ್ ಕೂಡ ತನ್ನ ಕೈಗೆ ಬರುವ ಮೊದಲೇ ಮಿಕ್ಸ್ ಹಿಂಡಿಹೋಗಿತ್ತು ಅಂತ ಒಬ್ಬ ಅಭಿಮಾನಿಗೆ ಬರೆದ. ನಾನೂ ಎರಡನ್ನೂ ಸದ್ದಿನ ಗೆರೆ ತೋರಿಸುವ ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಹಾಕಿ ನೋಡಿದೆ. ಸಿಡಿಯದ್ದು ತಲೆ ಕತ್ತರಿಸಿದ ಗೆರೆ, ಆಟದ್ದರಲ್ಲಿ ಏರಿಳಿತ ಇದೆ. ಲೆವೆಲ್ ಹೊಂದಿಸಿ, ಯಾವುದು ಯಾವುದು ಅಂತ ಹೇಳದೆ ಕೇಳಿಸಿದರೆ ಬಹುತೇಕ ಎಲ್ಲರೂ ಆಟದ್ದನ್ನೇ ಆರಿಸಿದರು. ಲೆವೆಲ್ ಹೊಂದಿಸದೆ ಕೇಳಿಸಿದರೆ ಸಿಡಿ ಗೆಲ್ಲುತ್ತದೆ, ಅದೂ ಪ್ರಯೋಗ ಮಾಡಿ ನೋಡಿದ್ದೇನೆ.

ಹಾಡುಗಳ ಕಥೆ ಉಲ್ಟಾ. 1996ರಲ್ಲಿ ‘ಲೋಡ್’ ಬಂದಾಗ ಕೂದಲು ಕತ್ತರಿಸಿಕೊಂಡರು, ಮಾರಿಕೊಂಡರು ಅಂತ ಬೈದವರೇ ಈಗ ಅದರ ಹಾಡು ಗುನುಗುತ್ತಾರೆ. ಅಣ್ಣನೂ ಅವರಲ್ಲಿ ಒಬ್ಬರು. ನೂರಿಪ್ಪತ್ತೋ ಏನೋ ಕೊಟ್ಟು ತಂದ ಕ್ಯಾಸೆಟ್ಟನ್ನು ಅವತ್ತೇ ಯಾರಿಗೋ ಕೊಟ್ಟುಬಿಟ್ಟಿದ್ದರಂತೆ.

2024ರಲ್ಲಿ ‘72 ಸೀಸನ್ಸ್’ ಹಾಡಿಗೆ ಗ್ರ್ಯಾಮಿ ಬಂದಾಗ ಗುಂಪಿನಲ್ಲಿ ನನ್ನನ್ನು ಚುಡಾಯಿಸಿದರು. ಏಕೆಂದರೆ ಬಣ್ಣದ ಚೀಟಿಯಲ್ಲೂ ಅದು ನಡುವೆ ಎಲ್ಲೋ ಇತ್ತು. 1989ರಲ್ಲಿ ಇವರನ್ನು ಬಿಟ್ಟು ಕೊಳಲು ಊದುವ ರಾಕ್ ಬ್ಯಾಂಡ್ ಜೆಥ್ರೊ ಟಲ್‌ಗೆ ಮೆಟಲ್ ಪ್ರಶಸ್ತಿ ಕೊಟ್ಟವರ ಮಾತನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇದನ್ನು ಮಾಡಬೇಕು ಅನ್ನುವವರಿಗೆ ಮೂವತ್ತೈದು ಸಾವಿರದೊಳಗೆ ಎಲ್ಲ ಮುಗಿಯುತ್ತದೆ, ಎಲ್‌ಪಿ ಹುಚ್ಚು ಇಲ್ಲದಿದ್ದರೆ. ಆರು ಜನಕ್ಕಿಂತ ಕಡಿಮೆ ಬೇಡ, ಹತ್ತಕ್ಕಿಂತ ಹೆಚ್ಚು ಬೇಡ. ಕರೆಂಟ್ ಹೋದರೆ ಅವತ್ತಿನ ಚೀಟಿ ಹರಿದು ಹಾಕಿ, ಯುಪಿಎಸ್ ಮೇಲೆ ನನ್ನ ಆಂಪ್ಲಿಫೈಯರ್ ಗೊರಗೊರ ಅನ್ನುತ್ತದೆ. ಪೆನ್ಸಿಲ್ ಕೊಡಿ, ಪೆನ್ ಬೇಡ. ಪೆನ್ನಿನ ಟಿಕ್ ಟಿಕ್ ಶುರುವಾದರೆ ಪಕ್ಕದವನು ತಾಳ ಹಾಕಲು ಕೂರುತ್ತಾನೆ. ಮುಂದಿನ ಸಲ ಅಣ್ಣ ಬೇರೆ ಬ್ಯಾಂಡಿನ ಮೇಲೆ ಇದನ್ನು ಪರೀಕ್ಷಿಸುತ್ತಾರಂತೆ. ಮೂರನೇ ಕಾಲಂ ಇಲ್ಲದೆ ಹೇಗೆ ಮಾಡುತ್ತಾರೋ ನೋಡೋಣ.